ಟಿಎಸ್‌ಎಚ್ ನಾರ್ಮಲ್, ಗಂಟು ಮಾತ್ರ ಹಾಗೇ ಇದೆ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ 12 ವರ್ಷ, ಏಳನೇ ಕ್ಲಾಸು. ಎರಡು ತಿಂಗಳ ಹಿಂದೆ ಜಡೆ ಹಾಕುವಾಗ ತಲೆ ಹಿಂದಕ್ಕೆ ವಾಲಿಸಿದಳು. ಕತ್ತಿನ ಬಲಗಡೆ ಏನೋ ಉಬ್ಬಿದ ಹಾಗೆ ಕನ್ನಡಿಯಲ್ಲಿ ಕಂಡಿತು. ನೋವಿಲ್ಲ. ಊರಿನ ಡಾಕ್ಟರು ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ, ಟಿಎಸ್‌ಎಚ್ 2.6, ನಾರ್ಮಲ್, ಏನೂ ಇಲ್ಲ ಎಂದರು. ಮನಸ್ಸು ತಡೆಯದೆ ಸ್ಕ್ಯಾನಿಂಗ್ ಮಾಡಿಸಿದೆವು. ರಿಪೋರ್ಟಿನಲ್ಲಿ ಥೈರಾಯ್ಡ್ ಗ್ರಂಥಿಯ ಬಲಭಾಗದಲ್ಲಿ 14 ಮಿ.ಮೀ. ಗಂಟು, ಘನ, ಕಪ್ಪು ಛಾಯೆ, ಅಂಚು ನಯ, ಟಿರಾಡ್ಸ್ 4, ಒಂದು ವರ್ಷದ ನಂತರ ಮತ್ತೆ ಸ್ಕ್ಯಾನ್ ಮಾಡಿಸಿ ಅಂತ ಇದೆ. ಮೈಸೂರಿನಲ್ಲಿ ತೋರಿಸಿದರೆ ಅಲ್ಲಿಯವರು ಈಗಲೇ ಸೂಜಿ ಪರೀಕ್ಷೆ ಆಗಬೇಕು ಎನ್ನುತ್ತಾರೆ. ನಮ್ಮತ್ತೆ, ಗಂಟಿಗೆ ಸೂಜಿ ಚುಚ್ಚಿದರೆ ಕೆಣಕಿದ ಹಾಗೆ, ಹರಡುತ್ತೆ ಅಂತ ಬಿಡುತ್ತಿಲ್ಲ. ಅಕ್ಕಪಕ್ಕದವರು, ವಯಸ್ಸಿಗೆ ಬರುವಾಗ ಹೀಗೇ, ತಾನಾಗೇ ಹೋಗುತ್ತೆ ಎನ್ನುತ್ತಾರೆ. ಮಾತ್ರೆಯಲ್ಲಿ ಕರಗಿಸಬಹುದಾ ಸಾರ್? ಮಗಳದು ಒಂದೇ ಪ್ರಶ್ನೆ, ಸೂಜಿ ಹಾಕಿಸಿಕೊಂಡರೆ ಕಬಡ್ಡಿ ಆಡಬಹುದಾ ಅಂತ.

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ ಅಮ್ಮಾ, ಕಾರಣ ಆಮೇಲೆ. ಸೂಜಿ ಪರೀಕ್ಷೆ ಮಾಡಿಸಿ, ಅಂದರೆ ಸಣ್ಣ ಸೂಜಿಯಿಂದ ಗಂಟಿನ ಒಂದಿಷ್ಟು ಜೀವಕೋಶ ತೆಗೆದು ನೋಡುವುದು. ವರ್ಷಗಟ್ಟಲೆ ಕಾಯಬೇಡಿ. ನಾಳೆ ಬೆಳಿಗ್ಗೆಯೇ ಓಡಬೇಕು ಅಂತಲೂ ಇಲ್ಲ. ಈ ತಿಂಗಳೊಳಗೆ ಆದರೆ ಸಾಕು.

ನಿಮ್ಮ ಪತ್ರದಲ್ಲಿ ಗಾಬರಿ ಆಗುವಂಥದ್ದು ಏನೂ ಇಲ್ಲ. ಆದರೆ ಒಂದು ತಪ್ಪು ತಿಳುವಳಿಕೆ ಇದೆ. ಅದನ್ನು ವಾರಕ್ಕೊಮ್ಮೆಯಾದರೂ ನನ್ನ ಓಪಿಡಿಯಲ್ಲಿ ಕೇಳುತ್ತೇನೆ. 'ಟಿಎಸ್‌ಎಚ್ ನಾರ್ಮಲ್, ಆದ್ದರಿಂದ ಗಂಟು ಏನೂ ಅಲ್ಲ.'

ಟಿಎಸ್‌ಎಚ್ ಹೇಳುವುದು ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿದೆಯಾ ಇಲ್ಲವಾ ಎಂಬುದನ್ನು ಮಾತ್ರ. ಗಂಟು ಯಾವ ಜಾತಿಯದು ಅಂತ ಅದು ಹೇಳುವುದಿಲ್ಲ. ನಿಮ್ಮ ಕಡೆಯವರಿಗೆ ಸುಲಭವಾಗಿ ಹೇಳಬೇಕೆಂದರೆ, ಆಲೆಮನೆಯಿಂದ ಬೆಲ್ಲ ಚೆನ್ನಾಗಿ ಬರುತ್ತಿದೆ ಅಂದ ಮಾತ್ರಕ್ಕೆ ಅದರ ಗೋಡೆಯಲ್ಲಿ ಬಿರುಕಿಲ್ಲ ಅಂತ ಅರ್ಥವಲ್ಲ, ಅಲ್ವಾ? ಥೈರಾಯ್ಡ್ ಕ್ಯಾನ್ಸರ್ ಇರುವ ಬಹುಪಾಲು ಮಕ್ಕಳಲ್ಲೂ ಟಿಎಸ್‌ಎಚ್ ನಾರ್ಮಲ್ ಆಗಿಯೇ ಇರುತ್ತದೆ. ಹಾಗಂತ ಊರಿನ ಡಾಕ್ಟರು ಮಾಡಿಸಿದ್ದು ದಂಡವಲ್ಲ. ಯಾರೇ ಆದರೂ ಮೊದಲು ಮಾಡಿಸಬೇಕಾದ್ದು ಅದನ್ನೇ. ಟಿಎಸ್‌ಎಚ್ ತೀರಾ ಕಡಿಮೆ ಬಂದಿದ್ದರೆ ದಾರಿ ಬೇರೆ ಆಗುತ್ತಿತ್ತು. ಆಗ ಗಂಟೇ ಅತಿಯಾಗಿ ಹಾರ್ಮೋನ್ ಸುರಿಸುತ್ತಿದೆಯಾ ಅಂತ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿಸಬೇಕಿತ್ತು. ನಿಮ್ಮ ಮಗಳಿಗೆ ಅದು ಬೇಡ. ಒಂದು ಸಣ್ಣ ಮಾತು: ಕೂದಲು ಬೆಳೆಯಲಿ ಅಂತ ಬಯೋಟಿನ್ ಮಾತ್ರೆ, ಗಮ್ಮಿ ಏನಾದರೂ ಕೊಡುತ್ತಿದ್ದೀರಾ? ಈಗ ಹಳ್ಳಿ ಅಂಗಡಿಯಲ್ಲೂ ಸಿಗುತ್ತವೆ. ಅವು ಥೈರಾಯ್ಡ್ ರಕ್ತ ಪರೀಕ್ಷೆಯ ಲೆಕ್ಕವನ್ನೇ ಏರುಪೇರು ಮಾಡಬಲ್ಲವು. ಕೊಡುತ್ತಿದ್ದರೆ ಡಾಕ್ಟರಿಗೆ ಹೇಳಿ.

ಇನ್ನು ಆ 'ಒಂದು ವರ್ಷದ ನಂತರ' ಎಂಬ ಸಾಲು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮನ್ನು ಇಬ್ಬರು ಡಾಕ್ಟರ ಮಧ್ಯೆ ಸಿಕ್ಕಿಸಿರುವುದು ಅದೇ ಸಾಲು.

ಟಿರಾಡ್ಸ್ ಅಂದರೆ ಸ್ಕ್ಯಾನಿನಲ್ಲಿ ಕಂಡ ಗಂಟಿಗೆ ಅಂಕ ಕೊಡುವ ಪದ್ಧತಿ. ನೀರು ತುಂಬಿದ ಗಂಟೋ, ಘನವೋ? ಬೆಳ್ಳಗಿದೆಯೋ, ಕಪ್ಪಗಿದೆಯೋ? ಅಂಚು ನಯವೋ, ಹರಿದಂತಿದೆಯೋ? ಒಳಗೆ ಮರಳಿನಂಥ ಸುಣ್ಣದ ಚುಕ್ಕೆ ಇವೆಯೋ? ಅಗಲಕ್ಕಿಂತ ಎತ್ತರ ಜಾಸ್ತಿ ಇದೆಯೋ? ನಿಮ್ಮ ಮಗಳ ಗಂಟು ಘನ, ಅದಕ್ಕೆ 2 ಅಂಕ. ಕಪ್ಪು ಛಾಯೆ, ಅದಕ್ಕೆ 2. ಒಟ್ಟು 4. ಅಲ್ಲಿಗೆ ಟಿರಾಡ್ಸ್ 4. ನಮ್ಮಲ್ಲಿ ಹೆಚ್ಚಾಗಿ ಬಳಸುವ ಅಮೆರಿಕದ ಪಟ್ಟಿಯ ಪ್ರಕಾರ ಟಿರಾಡ್ಸ್ 4 ಗಂಟು 15 ಮಿ.ಮೀ. ಮುಟ್ಟಿದರೆ ಸೂಜಿ, 10 ರಿಂದ 15ರ ಮಧ್ಯೆ ಇದ್ದರೆ ಕಾದು ನೋಡಿ. ನಿಮ್ಮದು 14. ಒಂದೇ ಮಿಲಿಮೀಟರು ಕಡಿಮೆ. ರೇಡಿಯಾಲಜಿಸ್ಟ್ ಪಟ್ಟಿ ನೋಡಿ ಸರಿಯಾಗಿಯೇ ಬರೆದಿದ್ದಾರೆ. ಆದರೆ ಆ ಪಟ್ಟಿ ಮಾಡಿರುವುದು ದೊಡ್ಡವರಿಗೆ!

ನಲವತ್ತು ದಾಟಿದ ಹೆಂಗಸರ ಕುತ್ತಿಗೆ ಸ್ಕ್ಯಾನ್ ಮಾಡುತ್ತಾ ಹೋದರೆ ಗಂಟುಗಳು ಬೇಕಾದಷ್ಟು ಸಿಗುತ್ತವೆ. ಬಹುಪಾಲು ನಿರುಪದ್ರವಿ. ಸಿಕ್ಕಸಿಕ್ಕ ಗಂಟಿಗೆಲ್ಲ ಸೂಜಿ ಹಾಕಬಾರದು ಅಂತಲೇ ಅಳತೆಯ ಗೆರೆ ಎಳೆದರು. ಮಕ್ಕಳಲ್ಲಿ ಕಥೆ ಉಲ್ಟಾ. ಗಂಟು ಬರುವುದೇ ಅಪರೂಪ. ಬಂದರೆ ಅದರಲ್ಲಿ ಕ್ಯಾನ್ಸರ್ ಇರುವ ಸಂಭವ ದೊಡ್ಡವರಿಗಿಂತ ಜಾಸ್ತಿ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ಮಾರ್ಗಸೂಚಿ ತಂದಿತು. ಅದರ ಪ್ರಕಾರ ಮಕ್ಕಳ ಗಂಟುಗಳಲ್ಲಿ ಶೇ. 22ರಿಂದ 26 ಕ್ಯಾನ್ಸರ್, ದೊಡ್ಡವರಲ್ಲಿ ಸುಮಾರು ಶೇ. 5. ಇನ್ನೊಂದು ಸಂಗತಿ, ಮಗುವಿನ ಥೈರಾಯ್ಡ್ ಗ್ರಂಥಿಯೇ ಚಿಕ್ಕದು. 14 ಮಿ.ಮೀ. ಗಂಟು ನಿಮ್ಮ ಗ್ರಂಥಿಯಲ್ಲಿ ಸಣ್ಣದು, ಅವಳ ಗ್ರಂಥಿಯಲ್ಲಿ ಸಣ್ಣದಲ್ಲ. ಅದಕ್ಕೇ ಮಕ್ಕಳಲ್ಲಿ ಬರೀ ಅಳತೆ ನೋಡಿ ಸೂಜಿ ಬೇಕೋ ಬೇಡವೋ ತೀರ್ಮಾನಿಸಬಾರದು ಅಂತ ಆ ಮಾರ್ಗಸೂಚಿಯೇ ಹೇಳುತ್ತದೆ. ಮೈಸೂರಿನ ಡಾಕ್ಟರು ಹೇಳಿದ್ದು ಇದನ್ನೇ.

ಆ ಶೇಕಡಾವನ್ನು ಇನ್ನೊಂದು ಕಡೆಯಿಂದಲೂ ಓದಿ. ನಾಲ್ಕು ಮಕ್ಕಳಲ್ಲಿ ಮೂವರ ಗಂಟು ಸಾದಾ ಗಂಟು. ಒಬ್ಬರದು ಕ್ಯಾನ್ಸರ್ ಆದರೂ ಅದು ಬಹುತೇಕ ಪ್ಯಾಪಿಲರಿ ಎಂಬ ಬಗೆ. ಈ ಪ್ಯಾಪಿಲರಿ ಒಂದು ವಿಚಿತ್ರ ಕಾಯಿಲೆ. ಮಕ್ಕಳಲ್ಲಿ ಪತ್ತೆಯಾಗುವ ಹೊತ್ತಿಗೆ ಕುತ್ತಿಗೆಯ ಲಿಂಫ್ ಗಡ್ಡೆಗಳಿಗೆ (ಎಲ್ಲರಲ್ಲೂ ಇರುವ ದುಗ್ಧ ಗ್ರಂಥಿಗಳು), ಒಮ್ಮೊಮ್ಮೆ ಶ್ವಾಸಕೋಶಕ್ಕೂ ಹೋಗಿರುತ್ತದೆ. ಆದರೂ ಚಿಕಿತ್ಸೆ ಆದ ಮಕ್ಕಳು ಹೆಚ್ಚುಕಮ್ಮಿ ಎಲ್ಲರೂ ಬದುಕಿ, ಬೆಳೆದು, ಸಂಸಾರ ಮಾಡುತ್ತಾರೆ. 'ಕ್ಯಾನ್ಸರ್' ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಇದಕ್ಕೆ ಹೊಂದುವುದೇ ಇಲ್ಲ.

ಸ್ಕ್ಯಾನ್ ರಿಪೋರ್ಟಿನಲ್ಲಿ ನನಗೆ ಕಾಣದ ಒಂದು ಸಂಗತಿ ಇದೆ. ಕುತ್ತಿಗೆಯ ಎರಡು ಪಕ್ಕದ ಲಿಂಫ್ ಗಡ್ಡೆಗಳ ಬಗ್ಗೆ ಒಂದು ಮಾತೂ ಇಲ್ಲ. ಮಕ್ಕಳಲ್ಲಿ ಗಂಟನ್ನು ನೋಡಿದಷ್ಟೇ ಗಮನ ಕೊಟ್ಟು ಆ ಗಡ್ಡೆಗಳನ್ನೂ ನೋಡಬೇಕು. ಸೂಜಿ ಹಾಕುವ ದಿನವೇ ಅದನ್ನೂ ನೋಡಿ ಬರೆಯಲು ಕೇಳಿ. ಸಿಟಿ ಸ್ಕ್ಯಾನ್ ಬೇಕಾ ಅಂತ ಕೆಲವರು ಕೇಳುತ್ತಾರೆ. ಈಗ ಬೇಡ. ಸುಮ್ನೆ ವಿಕಿರಣ ಯಾಕೆ? ಮಕ್ಕಳ ಥೈರಾಯ್ಡಿಗೆ ವಿಕಿರಣ ಆಗಿಬರುವುದಿಲ್ಲ. 1986ರ ಚೆರ್ನೊಬಿಲ್ ದುರಂತದ ನಂತರ ಆ ಭಾಗದ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಚಿಕ್ಕಂದಿನಲ್ಲಿ ಬೇರೆ ಕಾಯಿಲೆಗೆ ಕುತ್ತಿಗೆಗೆ ರೇಡಿಯೇಷನ್ ಕೊಟ್ಟಿದ್ದರೆ ಅಂಥ ಮಕ್ಕಳ ಮೇಲೆ ನಾವು ಜಾಸ್ತಿ ಕಣ್ಣಿಡುತ್ತೇವೆ.

ಮನೆಯವರ ಚರಿತ್ರೆಯನ್ನೂ ಡಾಕ್ಟರು ಕೇಳುತ್ತಾರೆ. ಇಲ್ಲೊಂದು ತೊಡಕಿದೆ. ನಮ್ಮ ಕಡೆ 'ಅವರಿಗೆ ಥೈರಾಯ್ಡ್ ಇದೆ' ಎನ್ನುತ್ತಾರೆ. ಥೈರಾಯ್ಡ್ ಎಲ್ಲರಿಗೂ ಇದೆ! ಅವರು ಹೇಳುವುದು ಹಾರ್ಮೋನ್ ಕಮ್ಮಿಯಾಗಿ ಮಾತ್ರೆ ನುಂಗುವುದನ್ನು. ಅದು ತುಂಬಾ ಸಾಮಾನ್ಯ. ನಮಗೆ ಬೇಕಾದ್ದು ಬೇರೆ. ಹತ್ತಿರದ ಸಂಬಂಧದಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿತ್ತಾ? ಗಂಟಲಿಗೆ ಆಪರೇಷನ್ ಆಗಿತ್ತಾ? ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ, ಕರುಳಿನಲ್ಲಿ ರಾಶಿ ರಾಶಿ ಗಂಟು, ಇಂಥದ್ದೇನಾದರೂ? ಥೈರಾಯ್ಡ್ ಕ್ಯಾನ್ಸರಿನ ಕೆಲವು ಬಗೆ ವಂಶದಲ್ಲಿ ಹರಿದು ಬರುತ್ತವೆ. ಗೊತ್ತಿಲ್ಲದಿದ್ದರೆ ಅತ್ತೆಯವರನ್ನೇ ಕೇಳಿ. ಇಂಥ ಲೆಕ್ಕ ಮನೆಯ ಹಿರಿಯರ ಹತ್ತಿರವೇ ಇರುತ್ತದೆ.

ಈಗ ಅತ್ತೆಯವರ ಭಯಕ್ಕೆ ಬರೋಣ. ಅದನ್ನು ನಾನು ಹಗುರ ಮಾಡುವುದಿಲ್ಲ. ಅವರು ನೋಡಿದ್ದು ಹೀಗಿರುತ್ತದೆ: ಊರಲ್ಲಿ ಯಾರಿಗೋ ಗಂಟು ಇತ್ತು, ಆಸ್ಪತ್ರೆಯಲ್ಲಿ ಸೂಜಿ ಹಾಕಿದರು, ಆಮೇಲೆ ಕ್ಯಾನ್ಸರ್ ಅಂದರು, ವರ್ಷದೊಳಗೆ ಹೋದರು. ಸೂಜಿಯಿಂದಲೇ ಆಯಿತು ಅಂತ ಅನಿಸುವುದು ಸಹಜ. ಆದರೆ ಅವರು ತಡವಾಗಿ ಬಂದಿದ್ದರು. ಸೂಜಿ ಇದ್ದದ್ದನ್ನು ತೋರಿಸಿತು, ಅಷ್ಟೇ. ಥೈರಾಯ್ಡ್ ಗಂಟಿನಲ್ಲಿ ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡುವುದು ಎಷ್ಟು ಅಪರೂಪವೆಂದರೆ, ಅದಕ್ಕೆ ಹೆದರಿ ಪರೀಕ್ಷೆ ಬಿಡುವುದರಲ್ಲಿ ಅರ್ಥವಿಲ್ಲ. ಮುಂದಿನ ಸಲ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಡಾಕ್ಟರು ಸೊಸೆಗೆ ಹೇಳಿ ಕಳಿಸಿದ ಮಾತಿಗಿಂತ ತಾವೇ ಕಿವಿಯಾರೆ ಕೇಳಿದ ಮಾತಿಗೆ ತೂಕ ಜಾಸ್ತಿ.

ಆ ದಿನ ಏನಾಗುತ್ತದೆ ಅಂತ ಮಗಳಿಗೆ ಮೊದಲೇ ಹೇಳಿ. 'ಏನೂ ಆಗಲ್ಲ, ಬರೀ ಸ್ಕ್ಯಾನಿಂಗ್' ಅಂತ ಸುಳ್ಳು ಹೇಳಿ ಕರೆದುಕೊಂಡು ಬರುವವರೇ ಜಾಸ್ತಿ. ಸೂಜಿ ಕಂಡ ಕೂಡಲೇ ಮಗು ಕಿರುಚುತ್ತದೆ, ಆಮೇಲೆ ಯಾರನ್ನೂ ನಂಬುವುದಿಲ್ಲ. ನಿಜ ಹೇಳಿದರೆ 12 ವರ್ಷದ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ. ಒಂದು ಗಂಟೆ ಮೊದಲು ಕುತ್ತಿಗೆಗೆ ಮರಗಟ್ಟಿಸುವ ಕ್ರೀಮ್ ಹಚ್ಚಲು ಕೇಳಿಕೊಳ್ಳಬಹುದು. ಅಂಗಾತ ಮಲಗಿಸಿ ಹೆಗಲ ಕೆಳಗೆ ದಿಂಬು ಇಡುತ್ತಾರೆ, ಕತ್ತು ಮೇಲಕ್ಕೆ ಬರುವ ಹಾಗೆ. ಜೆಲ್ ತಣ್ಣಗಿರುತ್ತದೆ, ಮೈ ಜುಮ್ಮೆನ್ನುತ್ತದೆ. ಸ್ಕ್ಯಾನ್ ಪರದೆಯಲ್ಲಿ ಗಂಟನ್ನು ನೋಡುತ್ತಲೇ ಸೂಜಿ ಹಾಕುತ್ತಾರೆ. ರಕ್ತ ತೆಗೆಯುವ ಸೂಜಿಗಿಂತ ಸಣ್ಣ ಸೂಜಿ. ಕೆಲವೇ ಸೆಕೆಂಡು ಒಳಗಿರುತ್ತದೆ. ಆ ಹೊತ್ತಿನಲ್ಲಿ ಉಗುಳು ನುಂಗಬಾರದು, ಮಾತಾಡಬಾರದು. ಇದೊಂದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಹತ್ತು ಎಣಿಸುವವರೆಗೆ ನುಂಗದೆ ಇರುವುದು, ಆಟದ ಹಾಗೆ. ಕಬಡ್ಡಿ ಆಡುವ ಹುಡುಗಿ ಅಲ್ವಾ, ಉಸಿರು ಹಿಡಿಯುವುದು ಅವಳಿಗೆ ಕಲಿಸಬೇಕಿಲ್ಲ. ಎರಡು ಮೂರು ಸಲ ಹೀಗೆ ಮಾಡಿ, ಬಂದದ್ದನ್ನು ಗಾಜಿನ ಸ್ಲೈಡಿನ ಮೇಲೆ ಸವರುತ್ತಾರೆ. ಆಮೇಲೆ ಹತ್ತಿ ಒತ್ತಿ ಹಿಡಿದು ಸ್ವಲ್ಪ ಹೊತ್ತು ಕೂರಿಸುತ್ತಾರೆ. ತೀರಾ ಚಿಕ್ಕ ಮಕ್ಕಳಿಗೆ ಮಂಪರಿನ ಔಷಧಿ ಬೇಕಾಗುತ್ತದೆ. ನಿಮ್ಮ ಮಗಳಿಗೆ ಬೇಕಾಗಲಾರದು.

ಸ್ಕ್ಯಾನ್ ನೋಡದೆ ಬರೀ ಕೈಯಲ್ಲಿ ಹಿಡಿದು ಸೂಜಿ ಹಾಕುತ್ತೇವೆ ಎಂದರೆ ಮಾತ್ರ ಬೇಡ ಎನ್ನಿ. ಮಕ್ಕಳಲ್ಲಿ ಸ್ಕ್ಯಾನ್ ನೋಡಿಕೊಂಡೇ ಮಾಡಬೇಕು.

ಫಲಿತಾಂಶ ಬೆಥೆಸ್ಡಾ ಎಂಬ ಪದ್ಧತಿಯಲ್ಲಿ ಬರುತ್ತದೆ, 1ರಿಂದ 6. ಒಂದು ಅಂದರೆ ಸ್ಯಾಂಪಲ್ ಸಾಲದು, ಇನ್ನೊಮ್ಮೆ ಮಾಡಬೇಕು. ಎರಡು ಅಂದರೆ ಸಾದಾ ಗಂಟು. ಐದು, ಆರು ಅಂದರೆ ಕ್ಯಾನ್ಸರ್ ಅನುಮಾನ ಅಥವಾ ಖಚಿತ. ತಲೆನೋವು ಇರುವುದು ಮೂರು ಮತ್ತು ನಾಲ್ಕರಲ್ಲಿ. ಅತ್ತಲೂ ಅಲ್ಲ, ಇತ್ತಲೂ ಅಲ್ಲ. 2023ರ ಬೆಥೆಸ್ಡಾ ಆವೃತ್ತಿಯಲ್ಲಿ ಮಕ್ಕಳ ಅಂಕಿಗಳನ್ನು ಬೇರೆಯಾಗಿಯೇ ಕೊಟ್ಟಿದ್ದಾರೆ. ಮೂರನೇ ಗುಂಪಿನಲ್ಲಿ ಕ್ಯಾನ್ಸರ್ ಸಂಭವ ಸರಾಸರಿ ಶೇ. 28, ನಾಲ್ಕರಲ್ಲಿ ಶೇ. 50. ದೊಡ್ಡವರಲ್ಲಿ ಇವೇ ಶೇ. 22 ಮತ್ತು ಶೇ. 30. ಅದಕ್ಕೇ ಈ ಗುಂಪುಗಳಲ್ಲಿ ಮಕ್ಕಳಿಗೆ ಮತ್ತೆ ಮತ್ತೆ ಸೂಜಿ ಹಾಕುವುದಕ್ಕಿಂತ ಗಂಟಿರುವ ಅರ್ಧ ಗ್ರಂಥಿಯನ್ನು ತೆಗೆದು ಪೂರ್ತಿ ಪರೀಕ್ಷಿಸುವ ಕಡೆಗೆ ನಾವು ವಾಲುತ್ತೇವೆ.

ಎರಡು ಬಂತು ಅಂತಿಟ್ಟುಕೊಳ್ಳಿ. ಹೆಚ್ಚಿನ ಸಾಧ್ಯತೆ ಅದೇ. ಆಗ ಆರು ತಿಂಗಳಿಂದ ವರ್ಷದೊಳಗೆ ಮತ್ತೆ ಸ್ಕ್ಯಾನ್. ಹಾಗೇ ಇದ್ದರೆ ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಬೆಳೆದರೆ, ರೂಪ ಬದಲಾದರೆ ಮತ್ತೆ ಸೂಜಿ. ತುಂಬಾ ದೊಡ್ಡದಾಗಿ ನುಂಗಲು, ಉಸಿರಾಡಲು ಅಡ್ಡ ಬಂದರೆ ಸಾದಾ ಗಂಟನ್ನೂ ತೆಗೆಸಬೇಕಾಗುತ್ತದೆ.

ಮಾತ್ರೆಯಲ್ಲಿ ಕರಗಿಸುವ ವಿಷಯ. ಹಿಂದೆ ಗಂಟು ಕಂಡರೆ ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಬರೆದುಕೊಡುವ ರೂಢಿ ಇತ್ತು. ಈಗಲೂ ಕೆಲವರು ಬರೆಯುತ್ತಾರೆ. ಟಿಎಸ್‌ಎಚ್ ಸರಿಯಿರುವ ಮಗುವಿಗೆ ಇದನ್ನು ವಾಡಿಕೆಯಾಗಿ ಕೊಡಬೇಕಿಲ್ಲ. ಗಂಟು ಕುಗ್ಗಿದರೂ ಅಷ್ಟಿಷ್ಟೇ, ಮಾತ್ರೆ ಬಿಟ್ಟರೆ ಮತ್ತೆ ಅಷ್ಟೇ. ಜಾಸ್ತಿ ಹಾರ್ಮೋನಿನಿಂದ ಎದೆ ಡವಡವ, ನಿದ್ದೆಗೇಡು ಬೇರೆ.

ವಯಸ್ಸಿಗೆ ಬರುವಾಗಿನ ಊತ ಸುಳ್ಳಲ್ಲ. ಆ ವಯಸ್ಸಿನ ಹುಡುಗಿಯರಲ್ಲಿ ಇಡೀ ಗ್ರಂಥಿ ಮೆತ್ತಗೆ, ಎರಡೂ ಕಡೆ ಸಮವಾಗಿ ಸ್ವಲ್ಪ ಉಬ್ಬುವುದುಂಟು. ಒಂದೇ ಕಡೆ ಒಂದೇ ಗಂಟು ಅದಲ್ಲ. ಲೋಟದಲ್ಲಿ ನೀರು ಕೊಟ್ಟು ಕುಡಿಯುವಾಗ ಪಕ್ಕದಿಂದ ನೋಡಿ. ನುಂಗಿದಾಗ ಮೇಲೆ ಹೋಗಿ ಕೆಳಗೆ ಬಂದರೆ ಥೈರಾಯ್ಡಿನದು. ನಾಲಿಗೆ ಹೊರಗೆ ಚಾಚಿದಾಗಲೂ ನಡುಮಧ್ಯದ ಗಂಟು ಮೇಲೆದ್ದರೆ ಅದು ಬೇರೆ, ಹುಟ್ಟಿನಿಂದ ಉಳಿದ ನೀರಿನ ಚೀಲ ಇರಬಹುದು.

ಸೊಪ್ಪಿನ ಪಟ್ಟು, ಬರೆ ಬಗ್ಗೆ ನೀವು ಬರೆದಿಲ್ಲ. ಆದರೂ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನನ್ನು ಕರೆತಂದರು. ಕತ್ತಿಗೆ ಏನೋ ಸೊಪ್ಪು ಅರೆದು ಕಟ್ಟಿ ಚರ್ಮ ಬೆಂದು ಬೊಬ್ಬೆ ಎದ್ದಿತ್ತು. ಗಾಯ ಮಾಯುವವರೆಗೆ ಸ್ಕ್ಯಾನ್ ಯಂತ್ರವನ್ನೂ ಕತ್ತಿಗೆ ಮುಟ್ಟಿಸಲಾಗಲಿಲ್ಲ. ಒಳಗಿದ್ದ ಗಂಟು ಸಾದಾ ಗಂಟೇ. ಅವನ ಕತ್ತಿನಲ್ಲಿ ಇವತ್ತಿಗೂ ಉಳಿದಿರುವುದು ಆ ಪಟ್ಟಿನ ಕಲೆ.

ಉಪ್ಪಿನದು ಒಂದೆರಡು ಮಾತು. ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತದೆ, ಗಂಟುಗಳೂ ಆಗಬಹುದು. 2006ರ ಮೇ 17ರಿಂದ ದೇಶದಲ್ಲಿ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವಂತಿಲ್ಲ. ಆದರೆ ಈಗ 'ಆರೋಗ್ಯಕ್ಕೆ ಒಳ್ಳೆಯದು' ಅಂತ ಸೈಂಧವ ಲವಣ, ಗುಲಾಬಿ ಉಪ್ಪು ಮನೆಗೆ ಬರುತ್ತಿವೆ. ಅವುಗಳಲ್ಲಿ ಅಯೋಡಿನ್ ಸೇರಿಸಿದೆಯಾ ಅಂತ ಪ್ಯಾಕೆಟ್ ನೋಡಿ ತನ್ನಿ. ಕಲ್ಲುಪ್ಪಿಗೂ ಇದೇ ಮಾತು. ಇದು ಮುಂದಿನ ದಿನಗಳಿಗೆ. ಈಗಿರುವ ಗಂಟು ಉಪ್ಪು ಬದಲಿಸಿದರೆ ಕರಗುವುದಿಲ್ಲ. ಥೈರಾಯ್ಡಿಗೆ ಆಗದು ಅಂತ ಮುದ್ದೆ, ಕೋಸು ಯಾವುದನ್ನೂ ಬಿಡಿಸಬೇಡಿ.

ಆಪರೇಷನ್ ಬೇಕಾದರೆ? ಕುತ್ತಿಗೆಯ ಮಡಿಕೆಯ ಗೆರೆಯಲ್ಲೇ ಕೊಯ್ಯುತ್ತಾರೆ, ಕಲೆ ಕ್ರಮೇಣ ಆ ಗೆರೆಯಲ್ಲಿ ಮರೆಯಾಗುತ್ತಾ ಹೋಗುತ್ತದೆ. ಎರಡು ಅಪಾಯಗಳಿವೆ. ದನಿಯ ನರ ಗ್ರಂಥಿಗೆ ಅಂಟಿದಂತೆ ಹೋಗುತ್ತದೆ, ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಇನ್ನು ಅಕ್ಕಿ ಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಿಂದೆಯೇ ಕೂತಿರುತ್ತವೆ. ಪೂರ್ತಿ ಥೈರಾಯ್ಡ್ ತೆಗೆದಾಗ ಅವು ಸೊರಗಿದರೆ ಕ್ಯಾಲ್ಸಿಯಂ ಇಳಿದು ತುಟಿ, ಬೆರಳ ತುದಿ ಜುಮುಜುಮು ಎನ್ನುತ್ತದೆ. ಬಹಳಷ್ಟು ಸಲ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅದಕ್ಕೇ ನಾನು ಹೇಳುವುದು, ಆಸ್ಪತ್ರೆಯ ಕಟ್ಟಡ ನೋಡಬೇಡಿ, ಸರ್ಜನ್ ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡುತ್ತಾರೆ ಅಂತ ಕೇಳಿ. ವರ್ಷಕ್ಕೆ 30 ಅಥವಾ ಅದಕ್ಕೂ ಹೆಚ್ಚು ಮಾಡುವವರ ಕೈಯಲ್ಲಿ ತೊಡಕು ಕಡಿಮೆ. ಕೇಳಲು ಸಂಕೋಚ ಬೇಡ, ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ. ದನಿಯ ತೊಂದರೆ ಉಳಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ. ದೂರದೂರದಿಂದ ಜನ ಅಲ್ಲಿಗೆ ಬರುತ್ತಾರೆ, ನಿಮಗೆ ಅದು ಮನೆ ಬಾಗಿಲಲ್ಲಿ ಇದ್ದಂತೆ.

ಅರ್ಧ ಗ್ರಂಥಿ ಉಳಿದರೆ ಎಷ್ಟೋ ಮಕ್ಕಳಿಗೆ ಮಾತ್ರೆಯೇ ಬೇಡ. ಪೂರ್ತಿ ತೆಗೆದರೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಜೀವನಪೂರ್ತಿ. ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ, ಹಾಲು, ತಿಂಡಿ ಬೇಡ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ನೀವು ಬರೆಯದೆ ಬಿಟ್ಟ ಪ್ರಶ್ನೆಯೂ ನನಗೆ ಕೇಳಿಸುತ್ತದೆ. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಎತ್ತರ, ಮುಟ್ಟು, ಮದುವೆ, ಮಕ್ಕಳು ಎಲ್ಲವೂ ಬೇರೆ ಹುಡುಗಿಯರ ಹಾಗೆಯೇ.

ಎಲ್ಲಿಗೆ ಹೋಗಬೇಕು ಅಂದರೆ, ಮಂಡ್ಯದ ಮಿಮ್ಸ್ ನಿಮಗೆ ಹತ್ತಿರ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಪಕ್ಕದಲ್ಲೇ ಮಕ್ಕಳಿಗೆ ಚೆಲುವಾಂಬ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ದೊಡ್ಡ ಚಿಕಿತ್ಸೆ ಬೇಕಾದರೆ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಮೊದಲೇ ವಿಚಾರಿಸಿ, ರೆಫರಲ್ ಚೀಟಿ ಬೇಕಾ ಅಂತ ಕೇಳಿಕೊಳ್ಳಿ.

ದನಿ ಗೊಗ್ಗರಾದರೆ, ಅಂಗಾತ ಮಲಗಿದಾಗ ಉಸಿರು ಕಟ್ಟಿದರೆ, ಕತ್ತಿನ ಪಕ್ಕದಲ್ಲಿ ಗಟ್ಟಿ ಗಡ್ಡೆ ಸಿಕ್ಕರೆ, ಗಂಟು ವಾರಗಳಲ್ಲೇ ದೊಡ್ಡದಾದರೆ ಈ ತಿಂಗಳ ಲೆಕ್ಕ ಬಿಟ್ಟು ಆ ವಾರವೇ ಹೋಗಿ.

ಹೋಗುವಾಗ ಹಳೆಯ ಸ್ಕ್ಯಾನ್ ಫಿಲ್ಮ್, ರಿಪೋರ್ಟ್ ಎಲ್ಲ ಒಂದು ಕವರಿನಲ್ಲಿಡಿ. ಸೂಜಿ ಪರೀಕ್ಷೆ ಆದ ಮೇಲೆ ಬೇರೆ ಆಸ್ಪತ್ರೆಗೆ ಹೋಗುವುದಿದ್ದರೆ ಬರೀ ರಿಪೋರ್ಟ್ ಸಾಲದು, ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆಯಿರಿ. ಸ್ಲೈಡ್ ಇದ್ದರೆ ಎರಡನೇ ಪೆಥಾಲಜಿಸ್ಟ್ ಅದನ್ನೇ ನೋಡಬಹುದು, ಮಗುವಿಗೆ ಮತ್ತೆ ಚುಚ್ಚಬೇಕಿಲ್ಲ. ಮನೆಗೆ ಬಂದು ಪಾತ್ರೆಗಳ ಮಧ್ಯೆ ಇಟ್ಟು ಒಡೆದುಕೊಂಡವರೂ ಇದ್ದಾರೆ. ಬೀರುವಿನಲ್ಲಿ ಸೀರೆ ಮಡಿಕೆಯೊಳಗೆ ಇಡಿ.

ಕಬಡ್ಡಿ: ಸೂಜಿ ಹಾಕಿದ ದಿನ, ಮಾರನೇ ದಿನ ಬೇಡ. ಕತ್ತಿಗೆ ಪೆಟ್ಟು ಬಿದ್ದರೆ ರಕ್ತ ಕಟ್ಟಿಕೊಳ್ಳುತ್ತದೆ. ಮೂರನೇ ದಿನ ಊತ, ನೋವು ಇಲ್ಲದಿದ್ದರೆ ರೈಡಿಗೆ ಕಳಿಸಿ.